ಹಣೆಯ ಚುಕ್ಕೆ ಮೂಗಿಗೆ ಇಳಿದದ್ದು

ನನ್ನ ಮೂಗಿನ ಎಡಮಗ್ಗುಲಲ್ಲಿ ಒಂದು ಹಸಿರು ಚುಕ್ಕೆ ಇದೆ. ಹೊಸಬರು ಅದನ್ನು ಮಚ್ಚೆ ಎಂದುಕೊಳ್ಳುತ್ತಾರೆ. ಸುಮ್ಮನಿರಲಾರದ ಕೆಲವರು, ಮೂಗಿನ ಮೇಲೆ ಯಾರಾದರೂ ಹಚ್ಚೆ ಹಾಕಿಸಿಕೊಳ್ಳುತ್ತಾರೆಯೇ ಎಂದು ಕೇಳಿಯೂ ಬಿಡುತ್ತಾರೆ. ನಾನು ಹಾಕಿಸಿಕೊಂಡದ್ದು ಹಣೆಗೆ. ಒಂಬತ್ತು ವರ್ಷದವಳಿದ್ದಾಗ, ಅಥಣಿಯ ತವರುಮನೆಯ ಕಟ್ಟೆಯ ಮೇಲೆ ಅವ್ವ ನನ್ನ ತಲೆಯನ್ನು ತೊಡೆಗೆ ಒತ್ತಿ ಹಿಡಿದಿದ್ದಳು, ಹಚ್ಚೆಯವಳು ಸೂಜಿ ಚುಚ್ಚಿದ್ದಳು, ನಾನು ಓಣಿಗೆಲ್ಲ ಕೇಳುವ ಹಾಗೆ ಅತ್ತಿದ್ದೆ. ಆ ಚುಕ್ಕೆ ಹಣೆಯಿಂದ ಮೂಗಿಗೆ ಇಳಿದ ಕಥೆ ಇದು.

ಇದನ್ನು ಹೇಳುವ ಮನಸ್ಸು ನನಗೆ ಇಷ್ಟು ವರ್ಷ ಇರಲಿಲ್ಲ. ಹೋದ ತಿಂಗಳು ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಮುಖಕ್ಕೆ ಟವೆಲು ಸುತ್ತಿಕೊಂಡು ಕೂತಿದ್ದಳು. ಅವಳ ಬೆಂಚಿನಲ್ಲಿ ಬೇರೆ ಯಾರೂ ಕೂತಿರಲಿಲ್ಲ. ನಿಂತಿದ್ದವರು ನಿಂತೇ ಇದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ನನ್ನ ಹಣೆಯ ಗೆರೆ, ಮೂಗು, ಚುಕ್ಕೆ ಎಲ್ಲ ನೋಡಿ, "ನಿಮಗೂ ಹಿಂಗ ಆಗಿತ್ತೇನ್ರಿ?" ಎಂದಳು. ಹೌದು ಎನ್ನುವಷ್ಟರಲ್ಲಿ ನನ್ನ ರಾಯಬಾಗದ ಬಸ್ಸು ಬಂತು. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ನನಗಾಗ ಮೂವತ್ತು. ರಾಯಬಾಗದ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದು ಹನ್ನೆರಡು ವರ್ಷ ಆಗಿತ್ತು. ಅತ್ತೆ ತೀರಿಹೋಗಿದ್ದರು. ಮನೆಯಲ್ಲಿ ನಮ್ಮವರು, ಮಾವ, ನಾನು, ಏಳು ವರ್ಷದ ಮಗಳು ಗೀತಾ. ಮಾವನ ಬಗ್ಗೆ ಈಗಲೇ ಒಂದು ಮಾತು ಹೇಳಬೇಕು. ಅವರು ಮನೆಯೊಳಗೆ ಕಾಲಿಡುವ ಮುನ್ನ ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದರು. ನಮ್ಮ ಕಡೆ ಹಿರಿಯರೆಲ್ಲ ಹಾಗೆಯೇ. ಕೆಮ್ಮು ಕೇಳಿದ ಕೂಡಲೇ ಒಳಗಿನ ಸೊಸೆಯಂದಿರು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಳ್ಳಬೇಕು. ಹನ್ನೆರಡು ವರ್ಷದಲ್ಲಿ ಮಾವ ನನ್ನ ಜೊತೆ ನೇರವಾಗಿ ಮಾತಾಡಿದವರಲ್ಲ. ಚಹಾ ಬೇಕಾದರೆ ಗೀತಾಳಿಗೆ ಹೇಳುತ್ತಿದ್ದರು, ಅವಳು ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಊಟಕ್ಕೆ ಕೂತಾಗ ನನಗೆ ರೊಟ್ಟಿ ಉಳಿದಿದೆಯೋ ಇಲ್ಲವೋ ಎಂದು ಬುಟ್ಟಿಯತ್ತ ನೋಡಿಯೇ ಏಳುತ್ತಿದ್ದರು.

ಮೂಗುಬೊಟ್ಟಿನ ತೂತಿನ ಹತ್ತಿರ ಒಂದು ಗುಳ್ಳೆ ಎದ್ದಿತು. ಮುಖ ತೊಳೆದರೆ ರಕ್ತ ಬರುವುದು, ಹಕ್ಕಳೆ ಕಟ್ಟುವುದು, ಮತ್ತೆ ಒಡೆಯುವುದು. ನೋಡಿದವರೆಲ್ಲ ದೂರಿದ್ದು ಮೂಗುಬೊಟ್ಟನ್ನು. ಅವ್ವ ಅಥಣಿಯಿಂದ ಬಂದವಳೇ, "ಬಂಗಾರದಾಗ ಏನೋ ಬೆರಸ್ಯಾನ ಪತ್ತಾರ, ಅದಕ ನಂಜಾಗೈತಿ" ಎಂದು ತೀರ್ಪು ಕೊಟ್ಟಳು. ಪತ್ತಾರ ದೇವರ ಮೇಲೆ ಆಣೆ ಮಾಡಿ, ಕರಗಿಸಿ, ಹೊಸದು ಮಾಡಿಕೊಟ್ಟ. ಹುಣ್ಣು ಮಾಯಲಿಲ್ಲ. ಎರಡನೆಯ ಪತ್ತಾರನ ಹತ್ತಿರ ಹೋದೆವು. ಆಮೇಲೆ ಮೂರನೆಯವನು. ಒಂದೂವರೆ ವರ್ಷ ನಾವು ಬಂಗಾರಕ್ಕೆ ಔಷಧ ಮಾಡಿದೆವು, ಅದರ ಕೆಳಗಿನ ಚರ್ಮವನ್ನು ಯಾರೂ ನೋಡಲಿಲ್ಲ. ಮೂಗುಬೊಟ್ಟನ್ನೇ ತೆಗೆದಿಡೋಣ ಎಂಬ ಮಾತು ನನ್ನ ಬಾಯಲ್ಲೂ ಬರಲಿಲ್ಲ. ಗಂಡ ಇರುವವಳು ಬರಿಯ ಮೂಗಿನಲ್ಲಿ ಓಡಾಡುವುದುಂಟೇ. ಎಸ್ಸೆಸ್ಸೆಲ್ಸಿ ಓದಿದವಳು ನಾನು, ನನ್ನ ಬುದ್ಧಿಗೂ ಮಂಕು ಕವಿದಿತ್ತು.

ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಮೂಗುಬೊಟ್ಟು ತಾನಾಗಿಯೇ ಹಿಟ್ಟಿನೊಳಗೆ ಬಿತ್ತು. ತೂತು ಅಷ್ಟು ದೊಡ್ಡದಾಗಿತ್ತು. ಹಿಟ್ಟಿನಿಂದ ಅದನ್ನು ಹೆಕ್ಕಿ ತೊಳೆದು ಕೈಯಲ್ಲಿ ಹಿಡಿದುಕೊಂಡಾಗ, ಕೆಟ್ಟದ್ದು ಬಂಗಾರವಲ್ಲ, ನನ್ನ ಮೂಗು ಎಂದು ಗೊತ್ತಾಯಿತು. ರಾಯಬಾಗದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಮಿರಜಕ್ಕೆ ಚೀಟಿ ಬರೆದು, ನಮ್ಮವರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಪಕ್ಕಕ್ಕೆ ಎಂದರೆ ಎಷ್ಟು ದೂರ, ಎರಡು ಹೆಜ್ಜೆ. ಕ್ಯಾನ್ಸರ್ ಎಂಬ ಮಾತು ನನಗೂ ಕೇಳಿಸಿತು.

ಕುಡಚಿಯಿಂದ ರೈಲು ಹತ್ತಿ ಮಿರಜಕ್ಕೆ ಹೋದೆವು. ಅಲ್ಲಿನ ದವಾಖಾನೆಯ ಕಾಯುವ ಕೋಣೆಯಲ್ಲಿ ಉದ್ದನೆಯ ಮರದ ಬೆಂಚುಗಳಿದ್ದವು. ಬೆಂಚಿನ ತುದಿಯಲ್ಲಿದ್ದವನನ್ನು ಒಳಗೆ ಕರೆದರೆ ಎಲ್ಲರೂ ಕೂತಲ್ಲೇ ಒಂದು ಜಾಗ ಸರಿಯಬೇಕು. ಆ ಸರಿಯುವುದಿದೆಯಲ್ಲ, ಅದರಷ್ಟು ಹೆದರಿಕೆ ನನಗೆ ಆಪರೇಷನ್ನಿನ ಕೋಣೆಯಲ್ಲೂ ಆಗಲಿಲ್ಲ. ಹಿಂದಿನವರಿಗೆ ದಾರಿ ಬಿಟ್ಟು ಮತ್ತೆ ಸಾಲಿನ ಕೊನೆಗೆ ಹೋಗಿ ಕೂರೋಣ ಅನಿಸುತ್ತಿತ್ತು. ಮೂಗಿನಿಂದ ಒಂದು ಚೂರು ತೆಗೆದುಕೊಂಡು, ಹತ್ತು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು.

ಆ ಹತ್ತು ದಿನ ಮನೆಯಲ್ಲಿ ನಾನು ಬದುಕಿದ್ದೂ ಬದುಕಿರಲಿಲ್ಲ. ಇದು ಅಂಟುರೋಗ ಎಂದು ಓಣಿಯವರು ಯಾರೋ ಹೇಳಿದ್ದರು. ನಾನೇ ನನ್ನ ತಾಟು, ಚರಿಗೆ ಬೇರೆ ಇಟ್ಟುಕೊಂಡೆ. ಗೀತಾ ತೊಡೆಯ ಮೇಲೆ ಕೂರಲು ಬಂದರೆ ನೂಕುತ್ತಿದ್ದೆ. ಎರಡು ದಿನ ಅತ್ತಳು, ಮೂರನೆಯ ದಿನದಿಂದ ಬರುವುದನ್ನೇ ಬಿಟ್ಟಳು. ಅವಳು ಬಾರದೆ ಇದ್ದದ್ದು ನನಗೆ ರೋಗಕ್ಕಿಂತ ಹೆಚ್ಚು ಸಂಕಟವಾಯಿತು. ನಮ್ಮವರು ಬೆಳಗಾದರೆ ಕಬ್ಬಿನ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ತೋಟದಲ್ಲಿ ಆಗ ಅಷ್ಟು ಕೆಲಸ ಇರಲಿಲ್ಲ, ನನಗೆ ಗೊತ್ತು. ಮತ್ತೆ ಮಿರಜಕ್ಕೆ ಹೋಗುವ ದಿನ ರೈಲು ಕೃಷ್ಣೆಯ ಸೇತುವೆ ದಾಟುವಾಗ ಬಾಗಿಲ ಹತ್ತಿರ ನಿಂತು ನೀರು ನೋಡಿದೆ. ನೋಡಿದೆ ಅಷ್ಟೇ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮವರು ಬಂದು ನನ್ನ ರಟ್ಟೆ ಹಿಡಿದುಕೊಂಡರು, ಮಿರಜ ಬರುವವರೆಗೆ ಬಿಡಲಿಲ್ಲ.

ಡಾಕ್ಟರು ವಯಸ್ಸಾದವರು, ಅರ್ಧ ಮರಾಠಿ ಅರ್ಧ ಕನ್ನಡ. ಮರಾಠಿ ರೂಢಿಯಂತೆ ಹೆಂಗಸರನ್ನೆಲ್ಲ 'ಬಾಯಿ' ಎಂದೇ ಕರೆಯುತ್ತಿದ್ದರು. "ಅರ್ಧಾ ಮೂಗ ತಗೀಬೇಕಾಗ್ತದ ಬಾಯಿ. ತಗದ ಮ್ಯಾಲ ಹಂಗ ಬಿಡೂದಿಲ್ಲ. ಹಣೀ ಚರ್ಮಾ ಉದ್ದಕ ಬಿಡಿಸಿ, ತಿರುವಿ, ಮೂಗಿಗೆ ಹಚ್ಚತೀವಿ. ಅದರ ಬೇರ ಹುಬ್ಬಿನ ಹಂತೇಕ ಹಂಗ ಇರ್ತದ. ಮೂರ ವಾರಾ ಆ ಬೇರಿನಿಂದನ ಅದಕ ರಕ್ತಾ. ಮೂಗ ಅದನ್ನ ತನ್ನದ ಅಂತ ಒಪ್ಪಿಕೊಂಡ ಮ್ಯಾಲ ಬೇರ ಕಡಿಯೂದು."

ನಮ್ಮವರು ಅಂದು ಮೊದಲ ಸಲ ಬಾಯಿ ಬಿಟ್ಟರು. "ಪೇರಲ ಗಿಡಕ್ಕ ಕಸಿ ಕಟ್ಟಿದಂಗ ಆತಲ್ರಿ."

"ಹಂಗ ಅಂತ ತಿಳೀರಿ. ಕಸಿ ಒಣಗಿದ್ರ ಇನ್ನೊಂದ ಟೊಂಗಿ ಸಿಗತದ, ಹಣೀ ಒಂದ ಇರೂದು. ಅದನ್ನ ಕಾಯೂದು ನಿಮ್ಮ ಕೈಯಾಗ."

ನಾನು ಕೇಳಿದ್ದು ಒಂದೇ ಪ್ರಶ್ನೆ. "ಕುಂಕುಮ ಎಲ್ಲಿ ಹಚ್ಚಲ್ರಿ?"

"ಕುಂಕುಮ ಹಚ್ಚಾಕ ಮೊದಲ ನೀವ ಇರಬೇಕಲಾ" ಎಂದರು. ಆಗ ಸಿಟ್ಟು ಬಂತು. ಈಗ ನೆನೆದರೆ ಅದಕ್ಕಿಂತ ಸರಿಯಾದ ಉತ್ತರ ಇಲ್ಲ.

ಆಪರೇಷನ್ ಆಗಿ ಎರಡನೆಯ ದಿನ ಪಟ್ಟಿ ಬದಲಿಸಿದಾಗ ಅವ್ವ ನನ್ನ ಮುಖ ನೋಡಿದಳು. ನನ್ನ ಜೊತೆ ವಾರ್ಡಿನಲ್ಲಿ ಉಳಿದಿದ್ದವಳು ಅವಳೇ. ನೋಡಿದವಳು ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ನನಗೆ ಯಾರೂ ಕನ್ನಡಿ ಕೊಡಲಿಲ್ಲ. ಸ್ಟೀಲಿನ ತಂಬಿಗೆ ಇತ್ತಲ್ಲ, ಅದರಲ್ಲಿ ನೋಡಿಕೊಂಡೆ. ಹುಬ್ಬಿನ ನಡುವಿನಿಂದ ಬೆರಳು ದಪ್ಪದ ಚರ್ಮ ಸುರುಳಿಯಾಗಿ ಎದ್ದು ಮೂಗಿನ ಮೇಲೆ ಇಳಿದಿತ್ತು. ತಂಬಿಗೆಯ ಹೊಟ್ಟೆಯಲ್ಲಿ ಅದು ಇನ್ನೂ ದೊಡ್ಡದಾಗಿ ಕಂಡಿತು. ಇದು ನಾನಲ್ಲ, ಮನೆಗೆ ಹೋಗುವುದು ಬೇಡ, ಗೀತಾಳ ಕಣ್ಣಿಗೆ ಬೀಳುವುದು ಬೇಡ, ಇಲ್ಲೇ ಮುಗಿದುಹೋಗಲಿ ಎಂದು ದೇವರನ್ನು ಕೇಳಿಕೊಂಡೆ.

ಪಕ್ಕದ ಮಂಚದಲ್ಲಿ ನಿಪ್ಪಾಣಿಯ ಸಕ್ಕೂಬಾಯಿ ಇದ್ದಳು. ಬೀಡಿ ಕಟ್ಟಿ ಮುದುಕಿಯಾದವಳು. ನೆತ್ತಿಯ ಮೇಲಿನ ಹುಣ್ಣು ತೆಗೆದು, ತಲೆಯ ಹಿಂದಿನ ಚರ್ಮವನ್ನೇ ಮುಂದೆ ತಿರುಗಿಸಿ ಕೂಡಿಸಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವಳ ಬೆರಳುಗಳು ಹೊದಿಕೆಯ ಮೇಲೆ ಇಲ್ಲದ ಎಲೆಯನ್ನು ಸುತ್ತುತ್ತಲೇ ಇದ್ದವು. "ಕೆಲಸಾ ಬಿಟ್ಟ ತಿಂಗಳಾತು. ಕೈಗೆ ಯಾರ ಹೇಳಬೇಕವ್ವ ಅದನ್ನ" ಎನ್ನುತ್ತಿದ್ದಳು. ನಾನು ತಂಬಿಗೆ ನೋಡಿ ಅಳುವುದನ್ನು ಕಂಡು, "ಅಳಬ್ಯಾಡ ಬೇ, ಗಣಪ್ಪನ ಸೊಂಡಿ ಬಂದೈತಿ, ಮಂದಿ ಕಡಬ ತಂದ ಕೊಡತಾರ" ಎಂದಳು. ಅವ್ವ ಅವಳನ್ನು ತಿನ್ನುವ ಹಾಗೆ ನೋಡಿದಳು. ನನಗೆ ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು, ನೋವಿಗೆ ಮತ್ತೆ ಅತ್ತೆ. ಆದರೂ ನಕ್ಕೆನಲ್ಲ.

ಆ ಬೇರಿನ ಮೇಲೆ ಏನೂ ಒತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಮಗ್ಗುಲಾಗಬಾರದು, ಹೊದಿಕೆ ಮೇಲೆಳೆಯಬಾರದು, ಕೈ ಮುಟ್ಟಿಸಬಾರದು. ಒಂದೊಂದನ್ನೂ ಚಾಚೂ ತಪ್ಪದೆ ಪಾಲಿಸಿದೆ. ಕುತ್ತಿಗೆ ಮರಗಟ್ಟಿದರೂ ಅಂಗಾತವೇ ಮಲಗಿದೆ. ನಾಲ್ಕನೆಯ ದಿನ ದವಾಖಾನೆಯ ಅಂಗಿ ತೆಗೆದು ನನ್ನದೇ ಸೀರೆ ಉಟ್ಟುಕೊಳ್ಳಲು ಬಿಟ್ಟರು. ಅಂದು ಮಧ್ಯಾಹ್ನ ನಾಲ್ಕು ಗಂಟೆಗೆ, ನೋಡಲು ಬರುವವರನ್ನು ಬಿಡುವ ಹೊತ್ತಿಗೆ, ವಾರ್ಡಿನ ಬಾಗಿಲಲ್ಲಿ ಮಾವನ ಕೆಮ್ಮು ಕೇಳಿಸಿತು.

ಮಾವ ಮಿರಜದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು ದಿನಾ ಬಂದರು. ಬಾಗಿಲಲ್ಲಿ ಕೆಮ್ಮುವುದು, ಬಂದು ಮಂಚದ ಕಾಲದೆಸೆಯಲ್ಲಿ ಸ್ಟೂಲಿನ ಮೇಲೆ ಕೂರುವುದು, ನೆಲ ನೋಡುತ್ತ ಅವ್ವನಿಗೆ, "ಏನಾರ ಉಂಡಾಳೇನ್ರಿ?" ಎಂದು ಕೇಳುವುದು, ಅರ್ಧ ಗಂಟೆ ಕೂತು ಮೋಸಂಬಿ ಇಟ್ಟು ಹೋಗುವುದು.

ಎಂಟನೆಯ ದಿನ ಪಟ್ಟಿ ಬಿಚ್ಚಿದ ಸುಶೀಲಾ ಸಿಸ್ಟರ್ ಮಾತು ನಿಲ್ಲಿಸಿದಳು. ಸದಾ ವಟಗುಟ್ಟುವ ಹುಡುಗಿ ಅವಳು. ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅವರು ಮೂಗಿನ ಮೇಲಿನ ಚರ್ಮವನ್ನು ಬೆರಳಿನಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು.

"ನೇರಳಿ ಬಣ್ಣಕ್ಕ ತಿರುಗೇದ. ರಕ್ತಾ ಒಳಗ ಹೋಗತದ, ಹೊರಗ ಬರಾಕ ದಾರಿ ಇಲ್ಲ. ಬೇರಿನ ಮ್ಯಾಲ ಏನೋ ಒತ್ತೇದ. ಏನ ಒತ್ತಿತು?"

"ಏನೂ ಇಲ್ರಿ" ಎಂದೆ. ಸತ್ಯವನ್ನೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ.

"ಇದ ಸತ್ತರ ಮುಂದ ತೋಳಿನ ಚರ್ಮಾ ತರಬೇಕು, ತೋಳ ಮುಖಕ್ಕ ಕಟ್ಟಿ ಇಡಬೇಕು, ತಿಂಗಳಾನುಗಟ್ಟಲೆ" ಎಂದು ಅವರು ಮರಾಠಿಯಲ್ಲಿ ಸಿಸ್ಟರಿಗೆ ಹೇಳಿದರು. ಅಥಣಿಯವಳಿಗೆ ಮರಾಠಿ ಬರುವುದಿಲ್ಲ ಎಂದುಕೊಂಡಿದ್ದರೇನೋ. ಎರಡು ಹೊಲಿಗೆ ಬಿಡಿಸಿದರು. ಗಂಟೆಗೊಮ್ಮೆ ಸೂಜಿಯಿಂದ ಚುಚ್ಚಿ ಕಪ್ಪು ರಕ್ತ ಒರೆಸಬೇಕೆಂದು ಹೇಳಿ ಹೋದರು. ಸೂಜಿ ಚುಚ್ಚಿದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ನೋವಾದರೆ ಸಾಕು ಎಂದು ಹಂಬಲಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಸಿಸ್ಟರ್ ಹಾಗೆ ಒರೆಸುತ್ತಿರುವಾಗಲೇ ನಾಲ್ಕು ಗಂಟೆಯಾಯಿತು. ಬಾಗಿಲಲ್ಲಿ ಕೆಮ್ಮು. ನನ್ನ ಕೈ ಮೇಲೆದ್ದಿತು, ಸೆರಗು ಹಿಡಿಯಿತು, ಹುಬ್ಬಿನವರೆಗೆ ಎಳೆದು ಗದ್ದದ ಕೆಳಗೆ ಬಿಗಿಯಾಗಿ ಅದುಮಿತು. ಸೆರಗಿನ ಅಂಚು ನೇರವಾಗಿ ಆ ಬೇರಿನ ಮೇಲೆ ಕೂತಿತ್ತು. ಅವ್ವ ಆ ಕಡೆಯಿಂದ ಬಗ್ಗಿ ಉಳಿದದ್ದನ್ನೂ ಎಳೆದು ಸರಿಮಾಡಿದಳು.

ಸಿಸ್ಟರ್ ನನ್ನ ಮಣಿಕಟ್ಟು ಹಿಡಿದಳು. "ಅಗ ಬಾಯಿ, ಏನ ಮಾಡಾಕತ್ತೀರಿ ಇದ?"

"ಬೀಗರ ಬಂದಾರಲ್ಲವ್ವ" ಎಂದಳು ಅವ್ವ, ಅಷ್ಟೂ ತಿಳಿಯದವಳೇ ನೀನು ಎನ್ನುವ ಧಾಟಿಯಲ್ಲಿ. "ಮಾವನ ಮುಂದ ಬರೇ ತಲೀಲೆ ಕುಂಡ್ರತಾಳೇನ?"

"ಎಷ್ಟ ದಿನದಿಂದ?"

"ಅವರ ಬಂದಾಗಿಂದ. ಐದ ದಿನಾ ಆತು."

ದಿನಕ್ಕೆ ಅರ್ಧ ಗಂಟೆ, ಐದು ದಿನ. ಹೊದಿಕೆಗೆ ಹೆದರಿದ್ದೆ, ದಿಂಬಿಗೆ ಹೆದರಿದ್ದೆ. ಸೆರಗು ಒತ್ತುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅದೊಂದು ಬಟ್ಟೆ ಎಂಬುದೇ ನನಗೆ ಮರೆತುಹೋಗಿತ್ತು. ಬಾಗಿಲಲ್ಲಿ ಮಾವ ಮೋಸಂಬಿಯ ಚೀಲ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಚೀಲವನ್ನು ಅಲ್ಲೇ ಬಾಗಿಲ ಬಳಿ ಇಟ್ಟು ತಿರುಗಿ ಹೋದರು.

ಮರುದಿನ ನಾಲ್ಕು ಗಂಟೆಗೆ ಕೆಮ್ಮು ಕೇಳಿಸಲಿಲ್ಲ. ಅದರ ಮರುದಿನವೂ ಇಲ್ಲ. "ಬೀಗರ ಮನಸ್ಸ ಮುರದ ಹೋತ ನೋಡ" ಎಂದು ಅವ್ವ ಹಣೆ ಬಡಿದುಕೊಂಡಳು. ಊರಿನಿಂದ ಬಂದ ನಮ್ಮವರನ್ನು ಕೇಳಿದರೆ, "ಅಪ್ಪಾ ಮನಿಗೆ ಬಂದಿಲ್ಲ" ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡಿದರು. ನನ್ನ ಕೈಯಿಂದಲೇ ಮೂಗು ಕೊಂದುಕೊಂಡೆ, ಹಿರಿಯರನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದೆ, ಇನ್ನು ಆ ಮನೆಯಲ್ಲಿ ನನಗೇನಿದೆ ಎಂದುಕೊಂಡೆ. ಊಟ ಬಿಟ್ಟೆ. ಸಕ್ಕೂಬಾಯಿ ಬೈದಳು, ಅವ್ವ ಬೇಡಿಕೊಂಡಳು, ಸಿಸ್ಟರ್ ಗಂಟೆಗೊಮ್ಮೆ ಬಂದು ಚುಚ್ಚಿದಳು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಮಾವ ತಿರುಗಿ ಹೋದ ನಾಲ್ಕನೆಯ ದಿನ ಸಿಸ್ಟರ್ ನನ್ನನ್ನು ಪಟ್ಟಿ ಹಾಕುವ ಕೋಣೆಗೆ ನಡೆಸಿಕೊಂಡು ಹೊರಟಳು. ಅಷ್ಟು ದಿನ ಮಂಚದ ಹತ್ತಿರವೇ ಎಲ್ಲ ಆಗುತ್ತಿತ್ತು. ವಾರ್ಡಿನ ಬಾಗಿಲು ದಾಟಿದರೆ ಪಡಸಾಲೆಯ ಬೆಂಚಿನ ಮೇಲೆ ಒಬ್ಬರು ನಮಗೆ ಬೆನ್ನು ಮಾಡಿ ಕೂತಿದ್ದರು. ತಲೆಗೆ ಬಿಳಿ ಪಟಗ, ಬಾಯಿಗೆ ಟವೆಲು ತುರುಕಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಮಾವ. ಅವರಿಗೆ ಬೀಡಿಯ ಕೆಮ್ಮು ನಿಜವಾಗಿಯೂ ಇತ್ತು, ಬಂದರೆ ತಡೆಯಲಾಗುತ್ತಿರಲಿಲ್ಲ.

ಸಿಸ್ಟರ್ ಮೆಲ್ಲಗೆ ಹೇಳಿದಳು. "ದಿನಾ ಮುಂಜಾನಿಂದ ಸಂಜೀತನಕ ಇಲ್ಲೇ ಕುಂಡ್ರತಾರ. ಒಳಗ ಬರ್ರಿ ಅಂದ್ರ ಒಲ್ಲೆ ಅಂತಾರ, ನಿಮ್ಮವ್ವ ಹೊರಗ ಬಂದ್ರ ಮರೀಗೆ ಸರೀತಾರ. ಕೆಮ್ಮ ಬಂದ್ರ ಕಂಪೌಂಡಿನ ಬೇವಿನ ಗಿಡದತನಕ ಓಡಿ ಹೋಗಿ ಕೆಮ್ಮಿ ಬರ್ತಾರ. ಕೇಳಿಸಿದ್ರ ಆಕೀ ಕೈ ಮ್ಯಾಲ ಏಳತೈತಿ ಅಂತಾರ."

ಅವರು ತಿರುಗಿ ನೋಡಲಿಲ್ಲ, ನಾನೂ ಕರೆಯಲಿಲ್ಲ. ಒಳಗೆ ಹೋಗಿ ಕೂತೆ. ಅಂದು ಸೂಜಿ ಚುಚ್ಚಿದಾಗ ಇರುವೆ ಕಚ್ಚಿದಷ್ಟು ನೋವಾಯಿತು. ನೋವಾಯಿತು ಎಂದು ಹೇಳಿದರೆ ಸಿಸ್ಟರ್ ನಂಬದೆ ಇನ್ನೊಮ್ಮೆ ಚುಚ್ಚಿದಳು. ಸಂಜೆ ಅವ್ವ ಕಲಸಿದ ಹಾಲು ಅನ್ನವನ್ನು ಪೂರ್ತಿ ಉಂಡೆ.

ಎಲ್ಲವೂ ಉಳಿಯಿತು ಎಂದರೆ ಸುಳ್ಳು. ಮೂಗಿನ ಹೊಳ್ಳೆಯ ಅಂಚಿನಲ್ಲಿ ಉಗುರಿನಷ್ಟು ಚರ್ಮ ಕರಿದಾಗಿ ಉದುರಿತು. ಅಲ್ಲಿ ಇವತ್ತಿಗೂ ಒಂದು ಕಚ್ಚು ಇದೆ. ಅದು ಐದು ಮಧ್ಯಾಹ್ನಗಳ ಸೆರಗಿನದು, ರೋಗದ್ದಲ್ಲ. ಉಳಿದದ್ದು ನಿಧಾನವಾಗಿ ಕೆಂಪಗಾಯಿತು. ಮೂರು ವಾರಕ್ಕೆ ಇನ್ನೊಂದು ವಾರ ಸೇರಿಸಿ ಬೇರು ಕಡಿದರು. ಬಾವು ಇಳಿದ ಮೇಲೆ ತಂಬಿಗೆಯಲ್ಲಿ ನೋಡಿಕೊಂಡರೆ ಹಣೆಯ ನಡುವೆ ಉದ್ದ ಗೆರೆ, ಮೂಗಿನ ಮಗ್ಗುಲಲ್ಲಿ ನನ್ನ ಹಸಿರು ಚುಕ್ಕೆ. ಅದನ್ನು ಮುಟ್ಟಿದರೆ ಹಣೆಯನ್ನು ಮುಟ್ಟಿದ ಹಾಗೆ ಅನಿಸುತ್ತಿತ್ತು. ಎಷ್ಟೋ ತಿಂಗಳು ಹಾಗೆಯೇ ಇತ್ತು.

ಮನೆಗೆ ಬಂದ ದಿನ ಗೀತಾ ಬಾಗಿಲ ಹಿಂದೆ ನಿಂತು ನೋಡಿದಳು. ಹತ್ತಿರ ಬರಲಿಲ್ಲ. ಕರೆಯುವ ಧೈರ್ಯ ನನಗೂ ಇರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟ ಸಪ್ಪಳ. ಕೆಮ್ಮು ಬರಲಿಲ್ಲ. ತಿರುಗಿದರೆ ಮಾವ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈ ಹೆಗಲವರೆಗೆ ಏರಿತ್ತು.

"ಕೈ ಇಳಸ, ಸುನಂದಾ" ಎಂದರು.

ಹನ್ನೆರಡು ವರ್ಷದಲ್ಲಿ ನನಗೆಂದೇ ಆಡಿದ ಮೊದಲ ಮಾತು ಅದು. ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೈ ಇಳಿಸಿದೆ. ಅವರು ಹಣೆ ನೋಡಿದರು, ಮೂಗು ನೋಡಿದರು, ಅವಸರ ಮಾಡಲಿಲ್ಲ.

"ನಿನ್ನ ನೋಡಾಕ ಅಥಣಿಗೆ ಬಂದಾಗ ಆ ಚುಕ್ಕಿ ಹಣ್ಯಾಗ ನೋಡಿದ್ನಿ. ಆಮ್ಯಾಲ ಇವತ್ತ ನೋಡೂದು. ನಾ ಕೆಮ್ಮಿ ಕೆಮ್ಮಿ ನಿನ್ನ ಮೂಗಿಗೆ ಎರವಾಗಿದ್ನಿ." ಆಮೇಲೆ ಬಾಗಿಲ ಹಿಂದಕ್ಕೆ ತಿರುಗಿ, "ಗೀತಾ, ಬಾ ಇಲ್ಲೆ. ನಿಮ್ಮವ್ವನ ಚುಕ್ಕಿ ಎಲ್ಲಿಗೆ ಬಂದೈತಿ ನೋಡ ಬಾ" ಎಂದರು. ಅವಳು ಅಜ್ಜನ ಧೋತರ ಹಿಡಿದುಕೊಂಡೇ ಬಂದಳು. ಬಹಳ ಹೊತ್ತು ನೋಡಿ, ಬೆರಳು ಚಾಚಿ, ಚುಕ್ಕೆಯನ್ನು ಮುಟ್ಟಿದಳು.

ಆಮೇಲೆ ಆರು ವರ್ಷ ಮಾವ ಇದ್ದರು. ಒಮ್ಮೆಯೂ ಹೊಸ್ತಿಲಲ್ಲಿ ಕೆಮ್ಮಲಿಲ್ಲ. "ಸುನಂದಾ, ಬಂದ್ನಿ" ಎಂದು ಕೂಗಿಯೇ ಒಳಗೆ ಬರುತ್ತಿದ್ದರು. ನಿಜವಾದ ಕೆಮ್ಮು ಬಂದರೆ ಅಂಗಳದ ಆಚೆ ಹೋಗಿ ಕೆಮ್ಮುತ್ತಿದ್ದರು, ಕಡೆಗೆ ನಡೆಯಲಾಗದೆ ಹೋಗುವವರೆಗೂ.

ಅವರು ತೀರಿಕೊಂಡ ದಿನ ಅಂಗಳ ತುಂಬ ಬಂಧುಬಳಗ. ನಮ್ಮ ರೂಢಿಯಂತೆ ಮಾವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ನಾನು ಮುಂದೆ ಹೋಗಿ ನಿಂತಾಗ ಹಿಂದಿನಿಂದ ಯಾರೋ ಹಿರಿಯ ಹೆಂಗಸು, "ಮಾವನ ಮುಂದ ನಿಂತಿ, ಸೆರಗ ಹೊತ್ಕೋವ್ವ" ಎಂದು ನನ್ನ ಸೆರಗನ್ನು ತಲೆಯ ಮೇಲೆಳೆದಳು. ನಾನು ತೆಗೆದು ಹೆಗಲಿಗೆ ಹಾಕಿಕೊಂಡೆ. ಅವಳು ಮತ್ತೆ ಎಳೆದಳು. ನಾನು ಮತ್ತೆ ತೆಗೆದೆ. ಮಂದಿ ಏನೇನೋ ಅಂದರು. ಮಾವನನ್ನು ಎತ್ತಿಕೊಂಡು ಹೋಗುವವರೆಗೆ ನಾನು ಅವರೆದುರು ಬರಿಯ ತಲೆಯಲ್ಲೇ ನಿಂತಿದ್ದೆ.